ಸಂಪಾದಕರ ಉತ್ತರ: ತಾರೀಖು ಹಾಕಿದವರು ಯಾರು?

ಹಾಸನದ ಗೆಳೆಯರೇ, ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ನಿಮ್ಮ ಪತ್ರದ ಸಾರವನ್ನಷ್ಟೇ ಕೊಡುತ್ತೇನೆ. ಕಾರ್ಖಾನೆ, ಗೋದಾಮುಗಳ ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಕಂಪನಿಯಲ್ಲಿ ನೀವು ಪ್ರಾಜೆಕ್ಟ್ ಮ್ಯಾನೇಜರ್. ಒಂದು ಕೆಲಸ ಹಾಸನದ ಕೈಗಾರಿಕಾ ಪ್ರದೇಶದಲ್ಲಿ, ಇನ್ನೊಂದು ಒಮಾನಿನಲ್ಲಿ, ಮತ್ತೊಂದು ಇಂಗ್ಲೆಂಡಿನಲ್ಲಿ. ಮೂರನ್ನೂ ಹಾಸನದಿಂದಲೇ ನೋಡಿಕೊಳ್ಳುತ್ತೀರಿ. “ದೇಶಕ್ಕೊಂದು ಕಾನೂನು. ಸೈಟಿನಲ್ಲಿ ಗುತ್ತಿಗೆದಾರ ಇದ್ದಾನೆ, ಸೇಫ್ಟಿ ಆಫೀಸರ್ ಇರುತ್ತಾರೆ. ಯಾರಾದರೂ ಬಿದ್ದರೆ ಅದು ನನ್ನ ತಲೆಗೆ ಯಾಕೆ ಬರಬೇಕು? ಇಂಗ್ಲೆಂಡಿನವರು ಕೇಳುವುದನ್ನೆಲ್ಲ ಹಾಸನದಲ್ಲೂ ಮಾಡಬೇಕಾ?” ಎಂದು ಕೇಳಿದ್ದೀರಿ. ಕೊನೆಗೆ, ಮಳೆಗಾಲಕ್ಕೆ ಮುಂಚೆ ಹಾಸನದ ಕೆಲಸ ಮುಗಿಸಿ ಎಂದು ಗ್ರಾಹಕರು ಬೆನ್ನು ಹತ್ತಿದ್ದಾರೆ, ಏನು ಹೇಳಲಿ ಅಂತಲೂ ಬರೆದಿದ್ದೀರಿ.

ಕಾನೂನಿನ ಮಾತು ಮೊದಲು ಮುಗಿಸೋಣ. ಕೇಸು ಗೀಸು ಬಂದರೆ ವಕೀಲರನ್ನೇ ಕೇಳಿ, ಪತ್ರಿಕೆಯವರನ್ನು ನಂಬಬೇಡಿ. ಆದರೆ ಒಟ್ಟು ಚಿತ್ರ ಹೀಗಿದೆ. ನಮ್ಮಲ್ಲಿ ಕೆಲಸದ ಜಾಗದ ಸುರಕ್ಷತೆಯ ಹಳೆ ಕಾನೂನುಗಳೆಲ್ಲ ಸೇರಿ 2020ರ ಸಂಹಿತೆ ಆಗಿದೆ. ಅದು ಜಾರಿಗೆ ಬಂದಿದ್ದು 2025ರ ನವೆಂಬರ್ 21ರಂದು. ಅದರ ಪ್ರಕಾರ ಕಟ್ಟಡ ಕೆಲಸದ ಸೈಟಿಗೆ ಸೇಫ್ಟಿ ಆಫೀಸರ್ ಕಡ್ಡಾಯ ಆಗುವುದು 250 ಕೆಲಸಗಾರರು ಇದ್ದಾಗ. ನಿಮ್ಮ ಹಾಸನದ ಸೈಟಿನಲ್ಲಿ ನಲವತ್ತು ಜನ ಎಂದಿದ್ದೀರಿ. ಅಂದರೆ ನೀವು ನಂಬಿಕೊಂಡಿರುವ ಸೇಫ್ಟಿ ಆಫೀಸರ್ ಅಲ್ಲಿ ಇರಲೇಬೇಕು ಅಂತೇನೂ ಇಲ್ಲ. ಕರ್ತವ್ಯ ಮಾಡದೆ ಜೀವ ಹೋದರೆ ಎರಡು ವರ್ಷದವರೆಗೆ ಜೈಲು, ಅಥವಾ ಐದು ಲಕ್ಷಕ್ಕೆ ಕಡಿಮೆ ಇಲ್ಲದ ದಂಡ, ಅಥವಾ ಎರಡೂ. ಇದರ ಜೊತೆ ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಹಾಕಬಹುದು. ನಿರ್ಲಕ್ಷ್ಯದಿಂದ ಆದ ಸಾವಿಗೆ ಅದು. ಎಫ್‌ಐಆರ್‌ನಲ್ಲಿ ಯಾರ ಹೆಸರು ಮೊದಲು ಬರುತ್ತದೆ ಅಂತ ಪೇಪರ್ ಓದುವ ಎಲ್ಲರಿಗೂ ಗೊತ್ತು. ಗುತ್ತಿಗೆದಾರ, ಸೈಟ್ ಎಂಜಿನಿಯರ್, ಆಮೇಲೆ “ಇತರರು”. ಆ ಇತರರಲ್ಲಿ ನೀವೂ ಇರಬಹುದು.

ಇಂಗ್ಲೆಂಡಿನಲ್ಲಿ 1974ರ ಕಾನೂನು ನಡೆಯುತ್ತದೆ. ಕಂಪನಿ ಮಾಡಿದ ಅಪರಾಧ ಮ್ಯಾನೇಜರ್ ಒಪ್ಪಿಗೆಯಿಂದಲೋ ನಿರ್ಲಕ್ಷ್ಯದಿಂದಲೋ ಆಗಿದ್ದರೆ ಅವರ ಮೇಲೂ ಕೇಸು ಹಾಕಬಹುದು. ಹಾಗಂತ ಹೆಸರಿಗೆ ಮ್ಯಾನೇಜರ್ ಆದವರೆಲ್ಲ ಇದರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಬೆಂಕಿ ಸುರಕ್ಷತೆಯ ಕಾನೂನಿನಲ್ಲೂ ಹೆಚ್ಚು ಕಡಿಮೆ ಇದೇ ಮಾತಿತ್ತು. ಅದರಡಿ ಲಂಡನ್ನಿನ ಪುಸ್ತಕದಂಗಡಿಯೊಂದರ ಸಹಾಯಕ ಮ್ಯಾನೇಜರ್‌ಗೆ ಶಿಕ್ಷೆ ಆಗಿತ್ತು. 1992ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಅಂಗಡಿಯ ದಿನದಿನದ ಕೆಲಸ ನೋಡಿಕೊಂಡರೆ ಸಾಲದು, ಕಂಪನಿಯ ಧೋರಣೆ ತೀರ್ಮಾನಿಸುವ ಅಧಿಕಾರ ಕೈಯಲ್ಲಿ ಇತ್ತಾ ಅನ್ನುವುದನ್ನು ನೋಡಬೇಕು ಎಂದಿತು. ಹಾಗಾಗಿ ವಿಸಿಟಿಂಗ್ ಕಾರ್ಡಿನ ಮೇಲೆ ಏನಿದೆ ಅನ್ನುವುದನ್ನು ಬಿಡಿ. ನಿಮ್ಮ ಕೈಯಲ್ಲಿ ನಿಜಕ್ಕೂ ಏನಿದೆ ನೋಡಿ.

ಏನಿದೆ? ತಾರೀಖು ಇದೆ. ದುಡ್ಡು ಇದೆ. ಕೆಲಸ ನಿಲ್ಲಿಸಿ ಎಂದು ಹೇಳುವ ಬಾಯಿ ಇದೆ. ಹೆಲ್ಮೆಟ್ ಹಾಕಿದ್ದಾನಾ ಅಂತ ನೋಡುವುದು ಸೈಟಿನವರ ಕೆಲಸ. ಆದರೆ ಅವನನ್ನು ಯಾವ ದಿನ, ಎಷ್ಟು ಜನರ ಜೊತೆ, ಎಷ್ಟು ಗಂಟೆಯೊಳಗೆ ಮೇಲೆ ಹತ್ತಿಸಬೇಕು ಎಂದು ಬರೆದವರು ನೀವು. ಅಪಾಯದ ದೊಡ್ಡ ಪಾಲು ನಿಮ್ಮ ಎಕ್ಸೆಲ್ ಶೀಟಿನಲ್ಲೇ ಹುಟ್ಟುತ್ತದೆ. ಸೈಟಿಗೆ ಅದು ಆಮೇಲೆ ಹೋಗುತ್ತದೆ ಅಷ್ಟೆ.

ಬ್ರಿಟನ್ನಿನ 2015ರ ಕಟ್ಟಡ ನಿಯಮಗಳಲ್ಲಿ ನನಗೆ ಇಷ್ಟವಾದ ಮಾತು ಒಂದಿದೆ. ಕೆಲಸ ಕೊಟ್ಟ ಗ್ರಾಹಕರೇ ಅದಕ್ಕೆ ಸಾಕಾಗುವಷ್ಟು ಸಮಯ ಮತ್ತು ಸಂಪನ್ಮೂಲ ಒದಗಿಸಬೇಕು ಅಂತ. ಅಂದರೆ ಅವಸರ ಮಾಡಿಸುವವರಿಗೂ ಕಾನೂನಿನಲ್ಲಿ ಜಾಗ ಇದೆ. ಹಾಸನದ ನಿಮ್ಮ ಗ್ರಾಹಕರಿಗೆ ಇದನ್ನು ತೋರಿಸಿದರೆ ನಗಬಹುದು. ಆದರೂ ತೋರಿಸಿ.

ಅವಸರ ಏನು ಮಾಡುತ್ತದೆ ಅನ್ನುವುದಕ್ಕೆ ಪಕ್ಕದ ಬಾಂಗ್ಲಾದೇಶ ಸಾಕು. ಢಾಕಾ ಹತ್ತಿರದ ಸವಾರ್‌ನಲ್ಲಿ ರಾಣಾ ಪ್ಲಾಜಾ ಅಂತ ಕಟ್ಟಡ ಇತ್ತು. ಕೆಳಗೆ ಅಂಗಡಿಗಳು, ಒಂದು ಬ್ಯಾಂಕು. ಮೇಲೆ ಗಾರ್ಮೆಂಟ್ ಫ್ಯಾಕ್ಟರಿಗಳು. 2013ರ ಏಪ್ರಿಲ್ 23ರಂದು ಗೋಡೆ, ಕಂಬಗಳಲ್ಲಿ ಬಿರುಕು ಕಾಣಿಸಿತು. ನೋಡಲು ಬಂದ ಎಂಜಿನಿಯರ್ ಇಲ್ಲಿರುವುದು ಅಪಾಯ ಎಂದರು. ಬ್ಯಾಂಕಿನವರು ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಅಂಗಡಿಗಳು ಮುಚ್ಚಿದವು. ಮರುದಿನ ಬೆಳಿಗ್ಗೆ ಗಾರ್ಮೆಂಟ್‌ನವರನ್ನು ಮಾತ್ರ ಕರೆದರು. ಆರ್ಡರ್ ಕಳಿಸುವ ತಾರೀಖು ಇತ್ತಲ್ಲ. ಕರೆಂಟ್ ಹೋಯಿತು, ಮೇಲಿನ ಮಹಡಿಯ ಜನರೇಟರ್ ಶುರುವಾಯಿತು, ಕಟ್ಟಡ ಕುಸಿಯಿತು. ಸತ್ತವರು 1,134 ಜನ. ಒಂದೇ ಕಟ್ಟಡ, ಅದೇ ಬಿರುಕು, ಅದೇ ದೇಶದ ಅದೇ ಕಾನೂನು. ಬ್ಯಾಂಕಿನ ಮ್ಯಾನೇಜರ್ ಒಂದು ತೀರ್ಮಾನ ಮಾಡಿದರು, ಫ್ಯಾಕ್ಟರಿಯ ಮ್ಯಾನೇಜರುಗಳು ಇನ್ನೊಂದು ಮಾಡಿದರು. ಬಟ್ಟೆ ಕೊಳ್ಳುವ ಕಂಪನಿಗಳು ಯೂರೋಪು, ಅಮೆರಿಕದಲ್ಲಿದ್ದವು.

ದೂರದಲ್ಲಿ ಕೂತವರಿಗೆ ಏನೂ ಆಗುವುದಿಲ್ಲ ಅಲ್ವಾ ಎಂದು ನಿಮ್ಮ ಪತ್ರದ ಸಾಲುಗಳ ನಡುವೆ ಒಂದು ಆಸೆ ಕಾಣುತ್ತದೆ. ಭೋಪಾಲ್ ಅನಿಲ ದುರಂತ ನೋಡಿದರೆ ಆ ಆಸೆಗೆ ಬಲ ಬರುತ್ತದೆ. 2010ರ ಜೂನ್ 7ರಂದು ಅಲ್ಲಿನ ಕೋರ್ಟು ಏಳು ಜನರಿಗೆ ಎರಡು ವರ್ಷದ ಶಿಕ್ಷೆ ಕೊಟ್ಟಿತು. ಅವರಲ್ಲಿ ಇಲ್ಲಿನ ಕಂಪನಿಯ ಅಧ್ಯಕ್ಷರು ಇದ್ದರು, ವರ್ಕ್ಸ್ ಮ್ಯಾನೇಜರ್ ಇದ್ದರು, ಪ್ರೊಡಕ್ಷನ್ ಅಸಿಸ್ಟೆಂಟ್ ಕೂಡ ಇದ್ದರು. ಅಮೆರಿಕದ ಮೂಲ ಕಂಪನಿಯ ಮುಖ್ಯಸ್ಥರು ಕಟಕಟೆ ಹತ್ತಲೇ ಇಲ್ಲ. ಅದನ್ನು ನಾವೆಲ್ಲ ಅನ್ಯಾಯ ಎಂದೆವು. ಈಗ ಒಮಾನಿನ ಚಾವಣಿ ಮೇಲಿರುವ ಹುಡುಗನಿಗೆ ದೂರದ ದೇಶದ ಸಾಹೇಬರು ಅಂದರೆ ನೀವು.

ಒಮಾನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಜೂನ್‌ನಿಂದ ಆಗಸ್ಟ್ ಕೊನೆವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಿಸಿಲಿನಲ್ಲಿ ಹೊರಗಿನ ಕೆಲಸ ಮಾಡಿಸುವಂತಿಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15, ಮಧ್ಯಾಹ್ನ 12.30ರಿಂದ 3. ಕತಾರ್‌ನಲ್ಲಿ ಇನ್ನೂ ಬಿಗಿ: ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30. ಹಾಸನದಲ್ಲಿ ಕೂತು ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ಅಂತ ಲೆಕ್ಕ ಹಾಕಿ ವೇಳಾಪಟ್ಟಿ ಕಳಿಸಿದಿರಿ ಅನ್ನಿ. ಅಲ್ಲಿನ ಸೂಪರ್‌ವೈಸರ್ ಏನು ಮಾಡಬೇಕು? ಕಾನೂನು ಮುರಿಯಬೇಕು, ಇಲ್ಲ ರಾತ್ರಿ ಲೈಟ್ ಹಾಕಿ ಮಾಡಿಸಬೇಕು. ನಿದ್ದೆಗೆಟ್ಟವನು ತಗಡಿನ ಅಂಚಿನಲ್ಲಿ ಪ್ಯಾನೆಲ್ ಹಿಡಿದು ನಡೆಯುತ್ತಾನೆ. ಬಿದ್ದರೆ ಅವನ ಅಜಾಗರೂಕತೆ ಎಂದು ವರದಿ ಬರುತ್ತದೆ.

ನಮ್ಮ ಕಡೆಯೂ ಇದೇ ರಾಗ. ಕಾಳುಮೆಣಸಿನ ಕೊಯ್ಲಿನಲ್ಲಿ ಅಲ್ಯುಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಜೀವ ಹೋದ ಸುದ್ದಿ ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಹೊಸದಲ್ಲ. ಏಣಿ ಹಿಡಿದವನು ಮೇಲೆ ನೋಡಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಗುರ ಅಂತ ಅಲ್ಯುಮಿನಿಯಂ ಏಣಿ ತಂದವರು ಯಾರು? ತಂತಿ ಕೆಳಗಿನ ಸಾಲು ಕೊಯ್ಯುವ ದಿನ ಕರೆಂಟ್ ಆಫೀಸಿಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸಬೇಕಿದ್ದವರು ಯಾರು? ಏಣಿ ಹಿಡಿದವನಂತೂ ಅಲ್ಲ.

ಈಗ ಇಂಗ್ಲೆಂಡಿನ ಮಟ್ಟ ಹಾಸನಕ್ಕೂ ಬೇಕಾ ಅನ್ನುವ ಪ್ರಶ್ನೆ. ಕಾಗದ ಎಲ್ಲ ಬೇಡ. ಅಂಕಿಗಳೂ ದೇಶಕ್ಕೊಂದು. ಅಮೆರಿಕದಲ್ಲಿ ಕಟ್ಟಡ ಕೆಲಸಕ್ಕೆ ಆರು ಅಡಿ ಎತ್ತರ ದಾಟಿದರೆ ಬೀಳದಂತೆ ರಕ್ಷಣೆ ಬೇಕು. ಬ್ರಿಟನ್ 2005ರಲ್ಲಿ ಅಂಕಿಯ ಗೊಡವೆಯನ್ನೇ ಬಿಟ್ಟಿತು. ಎಲ್ಲಿಂದ ಬಿದ್ದರೆ ಪೆಟ್ಟಾಗುತ್ತದೋ ಅದೇ ಎತ್ತರ ಎಂದಿತು. ನನಗೆ ಅದೇ ಸರಿ ಅನಿಸುತ್ತದೆ. ಸೊಂಟ ಮುರಿಯುವುದಕ್ಕೆ ಆರು ಅಡಿ ಏನೂ ಬೇಕಾಗಿಲ್ಲ.

ನಿಮ್ಮ ಕೆಲಸದಲ್ಲಿ ನಿಜವಾದ ಯಮ ಇನ್ನೊಂದಿದೆ. ಗೋದಾಮಿನ ಒಳಗೆ ಬೆಳಕು ಬರಲಿ ಅಂತ ತಗಡಿನ ನಡುವೆ ಹಾಕುವ ಪ್ಲಾಸ್ಟಿಕ್ ಶೀಟು. ಧೂಳು ಕೂತು, ಬಣ್ಣ ಮಾಸಿ, ತಗಡಿನ ಹಾಗೇ ಕಾಣುತ್ತದೆ. ಕಾಲಿಟ್ಟರೆ ನೇರ ಕೆಳಗೆ. ಹಾಸನದ ಶೀಟು ಇಂಗ್ಲೆಂಡಿನ ಶೀಟಿಗಿಂತ ಗಟ್ಟಿ ಏನಲ್ಲ. ಹಾಗಾಗಿ ಶೀಟಿನ ಮೇಲೆ ಮುಚ್ಚಿಗೆ, ನಡೆಯಲು ಹಲಗೆ, ಅಂಚಿಗೆ ಕಟಕಟೆ, ಕೆಳಗೆ ಬಲೆ: ಇಷ್ಟು ಮೂರೂ ಕಡೆ ಒಂದೇ ಇರಲಿ. ಬೆಲ್ಟು ಇದೆಯಲ್ಲ ಎನ್ನಬೇಡಿ. ಬೆಲ್ಟು ಕೊನೆಯ ಉಪಾಯ. ಅದನ್ನು ಸಿಕ್ಕಿಸಲು ಗಟ್ಟಿ ಜಾಗ ಇಲ್ಲದಿದ್ದರೆ ಸುಮ್ನೆ ಮೈಮೇಲಿನ ಭಾರ. ಇದನ್ನೆಲ್ಲ ಕೊಟೇಶನ್‌ನಲ್ಲೇ ಬೇರೆ ಸಾಲಾಗಿ ಬರೆಯಿರಿ. “ಇತರೆ ಖರ್ಚು” ಒಳಗೆ ಸೇರಿಸಿದರೆ ಚೌಕಾಸಿಯಲ್ಲಿ ಮೊದಲು ಹಾರಿಹೋಗುವುದು ಅದೇ.

ಭಾಷೆಯನ್ನೂ ಮರೆಯಬೇಡಿ. ಹಾಸನದ ಸೈಟಿನಲ್ಲಿ ಬಿಹಾರ, ಒಡಿಶಾದ ಹುಡುಗರೇ ಜಾಸ್ತಿ ಎಂದಿದ್ದೀರಿ. ಬೆಳಿಗ್ಗೆಯ ಸೂಚನೆ ಕನ್ನಡದಲ್ಲಿ ಕೊಟ್ಟು ಸಹಿ ಹಾಕಿಸಿಕೊಂಡರೆ ಅದು ನಿಮ್ಮ ಫೈಲಿಗೆ ಉಪಯೋಗ, ಅವರಿಗಲ್ಲ. ಬಿಸಿಲಿದ್ದಾಗ ಪ್ಯಾನೆಲ್ ಕರೆಂಟ್ ಮಾಡುತ್ತಲೇ ಇರುತ್ತದೆ, ಮೇನ್ ಆಫ್ ಮಾಡಿದರೂ ಅದರ ವೈರಿನಲ್ಲಿ ವೋಲ್ಟೇಜ್ ಇರುತ್ತದೆ ಅನ್ನುವುದು ಅವರ ಭಾಷೆಯಲ್ಲೇ ತಲುಪಬೇಕು. ತಲುಪಿತಾ ಎಂದು ತಿಳಿಯಲು ಅವರ ಬಾಯಿಂದಲೇ ಹೇಳಿಸಿ. ಅಪಾಯ ಕಂಡರೆ ಕೆಲಸ ನಿಲ್ಲಿಸಿ ಇಳಿದುಬಿಡಿ, ಆ ದಿನದ ಕೂಲಿ ಕೊಡುತ್ತೇವೆ ಅನ್ನುವುದನ್ನು ಮೇಸ್ತ್ರಿ ಎದುರಿಗೇ ಹೇಳಿ. ಕೂಲಿಯ ಮಾತು ಸೇರಿಸದಿದ್ದರೆ ಯಾರೂ ಇಳಿಯುವುದಿಲ್ಲ.

ಇನ್ನು ನಿಮ್ಮ ಗ್ರಾಹಕರು. ಏಪ್ರಿಲ್, ಮೇ ತಿಂಗಳ ಸಂಜೆ ಹಾಸನದಲ್ಲಿ ಗುಡುಗು, ಗಾಳಿ ಹೇಗೆ ಬರುತ್ತದೆ ನಿಮಗೇ ಗೊತ್ತು. ಪ್ಯಾನೆಲ್ ಹಿಡಿದವನನ್ನೇ ಗಾಳಿ ಎಳೆದುಕೊಂಡು ಹೋಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಚಾವಣಿ ಕೆಲಸ ಇಟ್ಟುಕೊಳ್ಳದೆ ಲೆಕ್ಕ ಹಾಕಿ. ಆ ಲೆಕ್ಕದಲ್ಲಿ ಬರುವ ತಾರೀಖನ್ನು ಬರವಣಿಗೆಯಲ್ಲಿ ಕೊಡಿ, ಫೋನಿನಲ್ಲಿ ಬೇಡ. ಅದು ಜೂನ್ ದಾಟಿದರೆ ಇನ್ನೊಂದು ದಾರಿಯನ್ನೂ ಅದೇ ಮೇಲ್‌ನಲ್ಲಿ ಬರೆಯಿರಿ: ಮಳೆಗೆ ಮುಂಚೆ ಅರ್ಧ ಚಾವಣಿ ಮಾತ್ರ ಮುಗಿಸಿ, ಅಷ್ಟಕ್ಕೆ ಇನ್ವರ್ಟರ್ ಜೋಡಿಸಿ ಚಾಲೂ ಮಾಡುವುದು, ಉಳಿದರ್ಧ ಮಳೆ ಕಳೆದ ಮೇಲೆ. ಅರ್ಧರ್ಧ ಚಾಲೂ ಮಾಡಲು ಕರೆಂಟ್ ಕಂಪನಿ ಸೆಸ್ಕ್‌ನವರು ಒಪ್ಪುತ್ತಾರಾ ಎಂದು ಈ ವಾರವೇ ಕೇಳಿಡಿ. ಗ್ರಾಹಕರು ಏನಂದರು ಎಂದು ಬರೆಯಿರಿ. ಆ ಪತ್ರದಲ್ಲೂ ನಿಮ್ಮ ಹೆಸರು ಹಾಕುವುದಿಲ್ಲ.

— ಸಂಪಾದಕ