ರೇವನ್ಸ್ ಸಹಿಗಳು: ಜಿಪುಣತನವಾ, ಪಿಕ್ ಲೆಕ್ಕವಾ?

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್ ತಂಡದ ಜಿಎಂ (ಜನರಲ್ ಮ್ಯಾನೇಜರ್) ಎರಿಕ್ ಡಿಕೋಸ್ಟಾ ಒಳ್ಳೆಯವರನ್ನು ಬಿಟ್ಟು ಅಗ್ಗದ ಹಳಬರನ್ನು ತರುವುದು ಬರೀ ಜಿಪುಣತನವಾ ಅನ್ನುವುದು ಪ್ರಶ್ನೆ. ಅಲ್ಲ, ಹೆಚ್ಚಾಗಿ ಕಾರಣ ಕಾಂಪೆನ್ಸೇಟರಿ ಪಿಕ್, ಅಂದರೆ ಬಿಟ್ಟುಹೋದ ಆಟಗಾರರಿಗೆ ಪರಿಹಾರವಾಗಿ ಲೀಗ್ ಕೊಡುವ ಆಯ್ಕೆಯ ಅವಕಾಶ. ಕರಾರು ಮುಗಿದು ಹೋದವರ ಲೆಕ್ಕ ಬಂದವರಿಗಿಂತ ಜಾಸ್ತಿಯಿದ್ದರೆ, ಮುಂದಿನ ಡ್ರಾಫ್ಟಿನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆ) 3ರಿಂದ 7ನೇ ಸುತ್ತಿನೊಳಗೆ ಹೆಚ್ಚುವರಿ ಪಿಕ್ ಸಿಗಬಹುದು.

ಜಗಳಕ್ಕೆ ಇಳಿಯುವ ಮುಂಚೆ ನೋಡಿ: ಹೊಸ ಆಟಗಾರನ ಕರಾರು ಮುಗಿದಿತ್ತಾ, ಇಲ್ಲಾ ಹಳೇ ತಂಡವೇ ಕೈಬಿಟ್ಟಿತ್ತಾ? ಕೈಬಿಟ್ಟವನನ್ನು ತಂದರೆ ಪಿಕ್‌ಗೆ ಪೆಟ್ಟಿಲ್ಲ. ಆಮೇಲೆ ತಾರೀಕು. ಡ್ರಾಫ್ಟ್ ಮುಗಿದ ಮೇಲಿನ ಸೋಮವಾರ ದಾಟಿದರೆ ಯಾರನ್ನು ತಂದರೂ ಲೆಕ್ಕಕ್ಕಿಲ್ಲ. 2023ರಲ್ಲಿ ರೇವನ್ಸ್‌ಗೆ ರಕ್ಷಣಾ ಆಟಗಾರ ಜೇಡೆವಿಯನ್ ಕ್ಲೌನಿ ಬಂದಿದ್ದು ಆಗಸ್ಟಿನಲ್ಲಿ, ಇನ್ನೊಬ್ಬ ರಕ್ಷಣಾ ಆಟಗಾರ ಕೈಲ್ ವ್ಯಾನ್ ನಾಯ್ ಸೆಪ್ಟೆಂಬರ್ ಕೊನೆಗೆ. ಆ ಸೀಸನ್‌ನಲ್ಲಿ ಕ್ಲೌನಿಯದು 9.5 ಸ್ಯಾಕ್ (ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮುಂಚೆಯೇ ಕೆಡವುವುದು), ವ್ಯಾನ್ ನಾಯ್‌ದು 9. ಸುಮ್ನೆ ಕಾದಿದ್ದಕ್ಕೆ ಸಿಕ್ಕ ಲಾಭ ಅದು.

ಕೊನೆಗೆ, ಹೋದವನ ಜಾಗಕ್ಕೆ ಯಾರಿದ್ದಾರೆ ನೋಡಿ. ಇಲ್ಲಿ ಗ್ಯಾರಂಟಿ ಏನೂ ಇಲ್ಲ. 2024ರಲ್ಲಿ ರೇವನ್ಸ್‌ನ ಲೈನ್‌ಬ್ಯಾಕರ್ (ರಕ್ಷಣಾ ಆಟಗಾರ) ಪ್ಯಾಟ್ರಿಕ್ ಕ್ವೀನ್ 3 ವರ್ಷಕ್ಕೆ 4.1 ಕೋಟಿ ಡಾಲರಿಗೆ ಹೋದರು (ಅದೂ ಕಡು ಎದುರಾಳಿ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ಗೆ, ಹೊಟ್ಟೆ ಉರಿಯದೆ ಇರುತ್ತಾ!). ಆ ಜಾಗಕ್ಕೆ ಬಂದ ಟ್ರೆಂಟನ್ ಸಿಂಪ್ಸನ್ ಸೀಸನ್ ಮುಗಿಯುವ ಮುಂಚೆಯೇ ಬೆಂಚು ಸೇರಿದರು. ಜಿಎಂ ಅನ್ನು ಬೈಯುವುದಾದರೆ ಇಂಥದ್ದಕ್ಕೆ ಬೈಯಿರಿ, ಆಗಸ್ಟಿನ ಸಹಿಗಳಿಗಲ್ಲ.