ಗಂಡನನ್ನು ಕಳೆದುಕೊಂಡವರನ್ನು ಮಾತಾಡಿಸುವುದು ಹೇಗೆ?

ಪ್ರಶ್ನೆ: ಜೊತೆಯಲ್ಲಿ ಕೆಲಸ ಮಾಡುವವರ ಪತಿ ಹಠಾತ್ತನೆ ತೀರಿಕೊಂಡರು. ಮಾತಾಡಿಸಿಕೊಂಡು ಬರಬೇಕು, ಆದರೆ ಏನು ಹೇಳಬೇಕೆಂದೇ ತೋಚುತ್ತಿಲ್ಲ.

ಉತ್ತರ: ಎರಡು ಮಾತು ಸಾಕು. ‘ಸುದ್ದಿ ಕೇಳಿ ತುಂಬಾ ಸಂಕಟವಾಯಿತು’ ಎನ್ನಿ. ಆಮೇಲೆ ತೀರಿಕೊಂಡವರ ಹೆಸರು ಹಿಡಿದು, ನಿಮಗೆ ಗೊತ್ತಿರುವ ಒಂದು ಸಂಗತಿ ಹೇಳಿ. ‘ನಿಮ್ಮನ್ನು ಬಿಡಲು ಬಂದಾಗಲೆಲ್ಲ ಗೇಟಿನ ಹತ್ತಿರ ನಿಂತು ನಮ್ಮ ತಾಯಿಯ ಆರೋಗ್ಯ ವಿಚಾರಿಸುತ್ತಿದ್ದರು’ ಎಂಬಷ್ಟು ಸಣ್ಣದಾದರೂ ಸರಿ. ‘ಒಳ್ಳೆಯ ಮನುಷ್ಯ’ ಎಂದು ಬಂದವರೆಲ್ಲ ಹೇಳಿರುತ್ತಾರೆ. ಗೇಟಿನ ಬಳಿಯ ಮಾತು ಗೊತ್ತಿರುವುದು ನಿಮಗೊಬ್ಬರಿಗೇ.

ಹೆಸರೆತ್ತಿದರೆ ಅತ್ತುಬಿಟ್ಟಾರು ಎಂಬ ಹೆದರಿಕೆ ಬೇಡ. ಅವರು ಮರೆತಿದ್ದರೆ ತಾನೇ ನೀವು ನೆನಪಿಸುವುದು? ಅತ್ತರೆ ‘ಅಳಬೇಡಿ’ ಎನ್ನದೆ, ನೀರಿನ ಲೋಟ ಕೈಗೆಟುಕುವಂತಿಟ್ಟು ಪಕ್ಕದಲ್ಲಿ ಸುಮ್ಮನೆ ಕೂತಿರಿ.

‘ಮಕ್ಕಳ ಮುಖ ನೋಡಿ ಗಟ್ಟಿಯಾಗಿ’, ‘ನರಳದೆ ಹೋದರಲ್ಲ, ಪುಣ್ಯ’ ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ. ಆದರೆ ಕೇಳಿದವರು ಮುಂದೆ ಬಾಯಿಬಿಡದಂತಾಗುತ್ತದೆ. ‘ಆಸ್ಪತ್ರೆಗೆ ಯಾವಾಗ ಸೇರಿಸಿದಿರಿ?’ ಎಂದಂತೂ ಕೇಳಲೇಬೇಡಿ. ಇನ್ನೊಂದು ಗಂಟೆ ಮೊದಲೇ ಹೋಗಿದ್ದರೆ ಎಂಬ ಕೊರಗು ಅವರನ್ನು ಆಗಲೇ ತಿನ್ನುತ್ತಿರಬಹುದು. ಅವರಾಗಿಯೇ ಹೇಳತೊಡಗಿದರೆ ಮಾತ್ರ ಎಷ್ಟು ಸಲವಾದರೂ ಕೇಳಿಸಿಕೊಳ್ಳಿ. ಮೊದಲ ಭೇಟಿಗೆ 15–20 ನಿಮಿಷ ಸಾಕು.

ಪ್ರಶ್ನೆ: ‘ಏನು ಬೇಕಿದ್ದರೂ ಹೇಳಿ’ ಎಂದು ಹೇಳಿ ಬಂದು ಮೂರು ವಾರವಾಯಿತು. ಅವರಿಂದ ಫೋನೇ ಇಲ್ಲ.

ಉತ್ತರ: ಬರುವುದು ಕಷ್ಟವೇ. ಏನು ಬೇಕೆಂದು ಯೋಚಿಸಿ, ಸಂಕೋಚ ಬಿಟ್ಟು ಕೇಳುವ ತ್ರಾಣ ಈಗ ಅವರಲ್ಲಿ ಇರುವುದಿಲ್ಲ. ‘ಗುರುವಾರ ನಾಲ್ಕಕ್ಕೆ ಬರಲೇ? ಕಾಗದಪತ್ರ ಜೋಡಿಸೋಣ’ ಎಂದು ನೀವೇ ಕೇಳಿ. ಹೂಂ ಅಥವಾ ಬೇಡ ಎಂದರೆ ಮುಗಿಯಿತು. ಮರಣ ಪ್ರಮಾಣಪತ್ರವನ್ನು ಬ್ಯಾಂಕು, ವಿಮೆ, ಪಿಂಚಣಿ ಎಲ್ಲ ಕಡೆಯೂ ಕೇಳುತ್ತಾರೆ, ಹಲವು ಪ್ರತಿ ಮಾಡಿಸಿಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೋದ ಕಚೇರಿ, ಮಾತಾಡಿದವರ ಹೆಸರು, ಅವರು ಕೇಳಿದ ದಾಖಲೆ ಬರೆಯುತ್ತ ಹೋಗಿ. ಪತಿಯ ಮೊಬೈಲ್ ಸಂಖ್ಯೆಯನ್ನು ಅವಸರದಲ್ಲಿ ರದ್ದು ಮಾಡಿಸಬೇಡಿ. ಮನೆಯ ಎಷ್ಟೋ ಖಾತೆಗಳ ಒಟಿಪಿ ಅದಕ್ಕೇ ಬರುತ್ತಿರುತ್ತದೆ, ಅವನ್ನು ಬದಲಾಯಿಸಿದ ಮೇಲೆ ಸಾಕು. ಮನೆ ಮಾರುವಂಥ ದೊಡ್ಡ ನಿರ್ಧಾರಕ್ಕೆ ಯಾರೂ ಒತ್ತಾಯಿಸದಂತೆಯೂ ನೋಡಿಕೊಳ್ಳಿ.

ಬಂದುಹೋಗುವವರು ಕಡಿಮೆಯಾಗುವುದು ಇದೇ ಹೊತ್ತಿನಲ್ಲಿ. ಪತಿಯ ಹುಟ್ಟುಹಬ್ಬ, ಅವರ ಮದುವೆಯ ದಿನ ಗುರುತು ಹಾಕಿಕೊಂಡು ಅಂದು ಒಂದು ಸಂದೇಶ ಕಳಿಸಿ. ಕೊನೆಗೆ ‘ಉತ್ತರ ಬರೆಯಬೇಕೆಂದಿಲ್ಲ’ ಎಂದು ಸೇರಿಸಿ.

ಪ್ರಶ್ನೆ: ಭಾವ ಹೋಗಿ ಎಂಟು ತಿಂಗಳಾಯಿತು. ಅಕ್ಕ ಯಾರೊಡನೆಯೂ ಬೆರೆಯುತ್ತಿಲ್ಲ. ಆಗಾಗ ಎದೆನೋವು ಎನ್ನುತ್ತಾಳೆ.

ಉತ್ತರ: ಎದೆನೋವನ್ನು ‘ದುಃಖಕ್ಕೆ ಹಾಗಾಗುತ್ತದೆ’ ಎಂದು ಬಿಡಬೇಡಿ, ಇಂದೇ ತೋರಿಸಿ. ತೀವ್ರ ಆಘಾತದಿಂದ ಹೃದಯದ ಎಡ ಕೆಳಕೋಣೆ ತಾತ್ಕಾಲಿಕವಾಗಿ ಬಲಗುಂದುವ ‘ಟಾಕೊಟ್ಸುಬೊ’ ಎಂಬ ತೊಂದರೆಯನ್ನು 1990ರಲ್ಲಿ ಜಪಾನಿನ ವೈದ್ಯರು ವಿವರಿಸಿದ್ದಾರೆ. ಋತುಚಕ್ರ ನಿಂತ ಮಹಿಳೆಯರಲ್ಲಿ ಇದು ಹೆಚ್ಚು. ಲಕ್ಷಣ ಥೇಟ್ ಹೃದಯಾಘಾತದ್ದೇ, ಪರೀಕ್ಷೆಯಿಲ್ಲದೆ ಬೇರ್ಪಡಿಸಲಾಗದು.

ದುಃಖಕ್ಕೆ ಗಡುವಿಲ್ಲ. ಆದರೆ 6 ತಿಂಗಳು ದಾಟಿಯೂ ತೀವ್ರ ಹಂಬಲ ಬಿಡದೆ ಕಾಡಿ, ದಿನದ ಬದುಕೇ ನಿಂತುಹೋಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಗುರುತಿಸುತ್ತದೆ. ಮನೋವೈದ್ಯರ ಬಳಿ ‘ಹೋಗು’ ಎನ್ನಬೇಡಿ, ‘ಹೋಗೋಣ ಬಾ’ ಎನ್ನಿ. ಸಾಯುವ ಮಾತೆತ್ತಿದರೆ ಒಂಟಿಯಾಗಿ ಬಿಡದೆ ಆ ದಿನವೇ ಕರೆದೊಯ್ಯಿರಿ.