ತುಮಕೂರಿನ ಹಳೇ ಟಾಕೀಸು: ಕ್ಯಾಬಿನ್ ಒಳಗೆ ನಿಂತು ನೋಡಿದ್ದು

ನೀವು ಕೇಳಿರೋದು ಇದು: "ತುಮಕೂರಿನ ಹಳೇ ಟಾಕೀಸುಗಳು ಹೇಗೆ ನಡೆಯುತ್ತಿದ್ದವು? ನಮ್ಮ ತಾತ ಹೇಳುತ್ತಿದ್ದ ನೆನಪುಗಳನ್ನು ಬರೆದಿಡಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?"

ಕ್ಯಾಬಿನ್‌ನಿಂದ, ಅಂದರೆ ಪ್ರೊಜೆಕ್ಟರ್ ಇಟ್ಟು ಸಿನಿಮಾ ಓಡಿಸುವ ಕೋಣೆಯಿಂದ ಶುರು ಮಾಡಿ. ಯಾವ ಸಿನಿಮಾ ಎಷ್ಟು ವಾರ ಓಡಿತು ಅಂತ ಹೇಳುವವರು ಊರ ತುಂಬಾ ಸಿಗುತ್ತಾರೆ. ಅದನ್ನು ದಿನಾ ಓಡಿಸುತ್ತಿದ್ದವರ ಬಗ್ಗೆ ಯಾರೂ ಬರೆದಿಟ್ಟಿಲ್ಲ. ನಮ್ಮ ಸೋದರಮಾವ ಪೇಟೆಯ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಅವರಿಗೆ ಊಟದ ಕ್ಯಾರಿಯರ್ ಕೊಡೋಕೆ ಹೋಗಿ ನಾನು ಅಲ್ಲೇ ನಿಂತುಬಿಡುತ್ತಿದ್ದೆ. ಅದಕ್ಕೇ ನನಗೆ ಪರದೆಗಿಂತ ಆ ಕೋಣೆ ಜಾಸ್ತಿ ಗೊತ್ತು.

ಕ್ಯಾಬಿನ್‌ಗೆ ಹೊರಗಿನಿಂದಲೇ ಮೆಟ್ಟಿಲು. ಒಳಗೆ ಎರಡು ಪ್ರೊಜೆಕ್ಟರ್, ಗೋಡೆಯಲ್ಲಿ ಚಿಕ್ಕ ಚಿಕ್ಕ ಕಿಂಡಿ, ಮೇಲೆ ಹೊಗೆ ಹೋಗೋಕೆ ಕೊಳವೆ. ಚಳಿಗಾಲದಲ್ಲೂ ಒಳಗೆ ಬೆವರು. ಕಾರಣ, ಆಗ ಪ್ರೊಜೆಕ್ಟರ್‌ನಲ್ಲಿ ಬಲ್ಬ್ ಇರಲಿಲ್ಲ. ತಾಮ್ರ ಲೇಪಿಸಿದ ಎರಡು ಕಾರ್ಬನ್ ಕಡ್ಡಿಗಳನ್ನು ಎದುರುಬದುರು ಇಟ್ಟು ಕರೆಂಟ್ ಹರಿಸುತ್ತಿದ್ದರು. ನಡುವೆ ಏಳುವ ಉರಿಯೇ ಬೆಳಕು. ಕಡ್ಡಿ ಉರಿದು ಸವೆದ ಹಾಗೆ ನಡುವಿನ ಜಾಗ ಹೆಚ್ಚಾಗಿ ಪರದೆ ಮಂಕಾಗುತ್ತದೆ. ಆಪರೇಟರ್ ಕಪ್ಪು ಗಾಜಿನಲ್ಲಿ ನೋಡುತ್ತಾ ಕಡ್ಡಿಗಳನ್ನು ಹತ್ತಿರಕ್ಕೆ ತರುತ್ತಲೇ ಇರಬೇಕು. "ಬರೀ ಕಣ್ಣಲ್ಲಿ ನೋಡ್ಬೇಡ ಕಣೋ, ಕಣ್ಣು ಹೋಗುತ್ತೆ" ಅಂತ ಮಾವ ನನ್ನನ್ನು ಪಕ್ಕಕ್ಕೆ ಎಳೆಯುತ್ತಿದ್ದರು.

ಇನ್ನು ರೀಲು. ಸೆಕೆಂಡಿಗೆ 24 ಚಿತ್ರ, ನಿಮಿಷಕ್ಕೆ 90 ಅಡಿ ಫಿಲ್ಮ್. ಅಂದರೆ 1000 ಅಡಿಯ ರೀಲು ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ಎರಡೂವರೆ ಗಂಟೆಯ ಸಿನಿಮಾಗೆ 13,500 ಅಡಿ ಬೇಕು. ಎರಡೆರಡು ರೀಲು ಅಂಟಿಸಿ ಒಂದೊಂದು ಚಕ್ರಕ್ಕೆ ಸುತ್ತಿಕೊಳ್ಳುತ್ತಿದ್ದರು. ಒಂದು ಪ್ರೊಜೆಕ್ಟರ್‌ನಲ್ಲಿ ಆಟ ನಡೆಯುವಾಗ ಇನ್ನೊಂದಕ್ಕೆ ಮುಂದಿನ ಚಕ್ರ ಏರಿಸಿರಬೇಕು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಚಿಕ್ಕದೊಂದು ಚುಕ್ಕೆ ಮಿಂಚಿ ಹೋಗುತ್ತಿತ್ತು, ನಿಮ್ಮ ತಾತ ಹೇಳಿರಬಹುದು. ಮೊದಲ ಚುಕ್ಕೆ ಬಂದಾಗ ಎರಡನೇ ಪ್ರೊಜೆಕ್ಟರ್‌ನ ಮೋಟರ್ ಶುರು ಮಾಡಬೇಕು. ಕೆಲವು ಸೆಕೆಂಡ್ ಆದ ಮೇಲೆ ಇನ್ನೊಂದು ಚುಕ್ಕೆ. ಆಗ ಒಂದರ ಬೆಳಕು ಮುಚ್ಚಿ ಇನ್ನೊಂದರದ್ದು ತೆಗೆಯಬೇಕು. ಕೆಳಗೆ ಕೂತವರಿಗೆ ಏನೂ ಗೊತ್ತಾಗಬಾರದು. ಇದನ್ನು ಪ್ರತಿ ಆಟದಲ್ಲೂ, ವರ್ಷಗಟ್ಟಲೆ, ಹಬ್ಬ ಹರಿದಿನ ನೋಡದೆ ಮಾಡಿದರಲ್ಲ, ಆ ಕೈಚಳಕಕ್ಕೆ ನಾನು ಈಗಲೂ ತಲೆಬಾಗುತ್ತೇನೆ. ಚೆನ್ನಾಗಿ ಮಾಡಿದ ದಿನ ಯಾರೂ ಅವರನ್ನು ನೆನೆಯುತ್ತಿರಲಿಲ್ಲ. ಫಿಲ್ಮ್ ತುಂಡಾಗಿ ಪರದೆ ಬೆಳ್ಳಗಾದರೆ ಮಾತ್ರ ಗಾಂಧಿ ಕ್ಲಾಸಿನಿಂದ, ಅಂದರೆ ಪರದೆ ಹತ್ತಿರದ ಅಗ್ಗದ ಸೀಟುಗಳಿಂದ, ಶಿಳ್ಳೆ, ಕೂಗಾಟ. ಮಾವ ಒಂದು ಮಾತೂ ಆಡದೆ ತುಂಡಾದ ತುದಿಯನ್ನು ಕೆರೆದು, ಅಂಟು ಹಚ್ಚಿ, ಒತ್ತಿ ಹಿಡಿದು ಮತ್ತೆ ಓಡಿಸುತ್ತಿದ್ದರು.

ಬೇರೆ ಊರಿನ ಟೆಂಟ್ ಸಿನಿಮಾಗಳಲ್ಲಿ ಎಷ್ಟೋ ಕಡೆ ಒಂದೇ ಪ್ರೊಜೆಕ್ಟರ್. ಸುತ್ತಿದ ಚಕ್ರ ಮುಗಿದಾಗೆಲ್ಲ ಆಟ ನಿಲ್ಲಿಸಲೇಬೇಕು. ಮೂರು ನಾಲ್ಕು ಇಂಟರ್‌ವಲ್ ಇರುತ್ತಿತ್ತು ಅಂತ ಹಿರಿಯರು ಹೇಳೋದು ಇದಕ್ಕೇ.

ಪ್ರಿಂಟ್, ಅಂದರೆ ಸಿನಿಮಾದ ಫಿಲ್ಮ್ ಪ್ರತಿ, ಬರುತ್ತಿದ್ದದ್ದು ಬೆಂಗಳೂರಿನ ಗಾಂಧಿನಗರದಿಂದ. ಹಂಚಿಕೆದಾರರ ಆಫೀಸುಗಳೆಲ್ಲ ಅಲ್ಲೇ. ಪ್ರಿಂಟ್ ಹಾಕಿಸೋದು ದುಬಾರಿ, ಹಾಗಾಗಿ ಎಲ್ಲ ಊರಿಗೂ ಒಂದೇ ದಿನ ಸಿನಿಮಾ ಬರುತ್ತಿರಲಿಲ್ಲ. ಬೆಂಗಳೂರು 70 ಕಿಲೋಮೀಟರ್ ದೂರ ಅಷ್ಟೇ, ಆದರೂ ಎಷ್ಟೋ ಸಿನಿಮಾಗಳಿಗೆ ನಾವು ವಾರಗಟ್ಟಲೆ ಕಾದಿದ್ದೇವೆ. ಅಲ್ಲಿ ಓಡಿದ ಪ್ರಿಂಟೇ ನಮಗೆ, ಆಮೇಲೆ ತಾಲ್ಲೂಕುಗಳಿಗೆ, ಕೊನೆಗೆ ಟೆಂಟ್‌ಗೆ. ಅಷ್ಟು ಹೊತ್ತಿಗೆ ಅದರ ಮೈತುಂಬಾ ಗೀರು, ಪರದೆ ಮೇಲೆ ಮಳೆ ಸುರಿದ ಹಾಗೆ. ತಗಡಿನ ಪೆಟ್ಟಿಗೆ ಬಂತು ಅಂತ ಗೊತ್ತಾದರೆ ಸಾಕು, ಮಂಡಿಪೇಟೆಯ ಹಮಾಲರಿಂದ ಹಿಡಿದು ಎಲ್ಲರಿಗೂ ಸುದ್ದಿ. ಸಂಜೆ ಗಾಡಿಯಲ್ಲಿ ಮೈಕ್ ಕಟ್ಟಿಕೊಂಡು ಹೋಗುವವರ ಹಿಂದೆ ನೋಟೀಸಿಗಾಗಿ ಮಕ್ಕಳ ಓಟ. ಹಮಾಲರು ಮೂಟೆ ಹೊತ್ತು ಮುಗಿಸಿ ಸೆಕೆಂಡ್ ಶೋಗೆ ಬರುತ್ತಿದ್ದರು, ಕೈಯಲ್ಲಿ ಕಡ್ಲೆಕಾಯಿ ಪೊಟ್ಟಣ. ಸಿದ್ಧಗಂಗೆ ಜಾತ್ರೆ ಸಮಯದಲ್ಲಿ ಹಳ್ಳಿ ಜನವೂ ಸೇರಿ ಟಾಕೀಸು ತುಂಬಿರುತ್ತಿತ್ತು.

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷ ಇದೆ, ಇದನ್ನು ಬಿಡಬೇಡಿ. ಇಲ್ಲಿ ಸಿನಿಮಾಗಿಂತ ಮೊದಲೇ ನಾಟಕ ಬೇರು ಬಿಟ್ಟಿತ್ತು. ನಮ್ಮ ಜಿಲ್ಲೆಯ ಗುಬ್ಬಿಯ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಕನ್ನಡದ ಮೊದಲ ವಾಕ್ಚಿತ್ರ ಬಂದದ್ದು 1934ರಲ್ಲಿ. ನಡುವೆ 50 ವರ್ಷ! ಅಷ್ಟು ಕಾಲ ಟಿಕೆಟ್ ಕೊಟ್ಟು ಆಟ ನೋಡುವ ರೂಢಿಯನ್ನು ಜನರಲ್ಲಿ ಬೆಳೆಸಿದ್ದು ನಾಟಕ ಕಂಪನಿಗಳು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಾಗ ಅದರ ನಾಯಕ ರಾಜಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿ ಬಂದವರು. ನಗಿಸಿದ ನರಸಿಂಹರಾಜು ನಮ್ಮ ತಿಪಟೂರಿನವರು. ತುಮಕೂರಿನ ಹಳಬರು ಇವರನ್ನು ಮನೆಯವರ ಹಾಗೆ ಮಾತಾಡುವುದಕ್ಕೆ ಕಾರಣ ಇದೆ, ಅಲ್ವಾ?

ಮುಚ್ಚಿದ್ದು ಯಾಕೆ ಅಂದರೆ, ಟಿವಿ ಬಂತು, ವಿಡಿಯೋ ಕ್ಯಾಸೆಟ್ ಬಂತು, ಪೇಟೆಯ ಜಾಗಕ್ಕೆ ಬೆಲೆ ಬಂತು. ಇದು ನಿಮಗೂ ಗೊತ್ತಿರೋದೇ. ಆಪರೇಟರ್‌ಗಳಿಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಡಿಜಿಟಲ್. ಸಿನಿಮಾ ಉಪಗ್ರಹದ ಮೂಲಕ, ಹಾರ್ಡ್ ಡಿಸ್ಕ್‌ನಲ್ಲಿ ಬರತೊಡಗಿತು. 2013ರಲ್ಲಿ ಫ್ಯೂಜಿ ಕಂಪನಿ ಸಿನಿಮಾ ಫಿಲ್ಮ್ ತಯಾರಿಸುವುದನ್ನೇ ನಿಲ್ಲಿಸಿತು. ಬೆಳಿಗ್ಗೆ ಬಂದು ಗುಂಡಿ ಒತ್ತಿದರೆ ಆಟ ಶುರು. ಎಲ್ಲ ಊರಿಗೂ ಒಂದೇ ದಿನ ಹೊಸ ಸಿನಿಮಾ, ಗೀರಿಲ್ಲದ ಚಿತ್ರ. ಇದು ಒಳ್ಳೆಯದೇ, ಇಲ್ಲ ಅನ್ನಲ್ಲ. ಆದರೆ ಕಾರ್ಬನ್ ಉರಿಯ ಬಣ್ಣ ನೋಡಿಯೇ ಕರೆಂಟ್ ಸರಿ ಇದೆಯೋ ಇಲ್ಲವೋ ಹೇಳುತ್ತಿದ್ದವರ ವಿದ್ಯೆ ಯಾರಿಗೂ ಬೇಡವಾಯಿತು. ಅದು ನನಗೆ ಇವತ್ತಿಗೂ ಸಂಕಟ.

ಹಾಗಾಗಿ ಮೊದಲು ಆಪರೇಟರ್, ಗೇಟ್‌ಕೀಪರ್, ಪೋಸ್ಟರ್ ಅಂಟಿಸುತ್ತಿದ್ದವರನ್ನು ಹುಡುಕಿ. ಅವರಿಗೆಲ್ಲ ವಯಸ್ಸಾಗಿದೆ, ತಡ ಮಾಡಬೇಡಿ. "ಹೇಗಿತ್ತು ಆ ಕಾಲ" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತಾರೆ, ಅಷ್ಟೇ. ಕಡ್ಡಿ ಎಷ್ಟು ಹೊತ್ತು ಉರಿಯುತ್ತಿತ್ತು, ಕರೆಂಟ್ ಹೋದಾಗ ಏನು ಮಾಡುತ್ತಿದ್ದಿರಿ, ಸಂಬಳ ಯಾವತ್ತು ಬರುತ್ತಿತ್ತು ಅಂತ ಕೇಳಿ. ಆಗ ಮಾತು ತಾನಾಗಿ ಬರುತ್ತದೆ. ಮಾಲೀಕರ ಮನೆಯಲ್ಲಿ ದಿನದ ಕಲೆಕ್ಷನ್ ಬರೆದ ಡಿಸಿಆರ್ ಪುಸ್ತಕ ಉಳಿದಿದ್ದರೆ ಫೋಟೋ ತೆಗೆದುಕೊಳ್ಳಿ. ಯಾವ ವಾರ ಯಾವ ಸಿನಿಮಾ, ಯಾವ ಕ್ಲಾಸಿಗೆ ಎಷ್ಟು ಟಿಕೆಟ್ ಹೋಯಿತು ಅನ್ನೋದು ಅದರಲ್ಲಿ ಸಿಗುತ್ತದೆ. ಟಾಕೀಸು ನಡೆಸೋಕೆ ಲೈಸೆನ್ಸ್ ಬೇಕಿತ್ತು, ಹಾಗಾಗಿ ಜಿಲ್ಲಾಧಿಕಾರಿ ಕಚೇರಿಯಲ್ಲೂ ಹಳೇ ಕಡತ ಇದೆಯಾ ಅಂತ ಒಂದು ಅರ್ಜಿ ಹಾಕಿ. ನಿಮ್ಮ ತಾತ ಹೋಗುತ್ತಿದ್ದ ಟಾಕೀಸು ಯಾವುದು ಅಂತ ಇಲ್ಲೇ ಬರೆಯಿರಿ. ಮಾವನ ಜೊತೆ ಕೆಲಸ ಮಾಡಿದವರು ಕೆಲವರು ಊರಲ್ಲೇ ಇದ್ದಾರೆ, ನಾನು ವಿಚಾರಿಸಿ ಹೇಳುತ್ತೇನೆ.